ಬ್ಯಾಂಕಾಕಿನಲ್ಲಿ ನಾಲ್ವರು ಯಜಮಾನರು

ಮಗಳು ಗೆಳತಿಯರ ಜೊತೆ ವಿಯೆಟ್ನಾಮ್ ಸುತ್ತಿ ಬಂದದ್ದೇ ನೆಪವಾಯಿತು. ಬೆನ್ನಿಗೊಂದು ಚೀಲ, ಹಾಸ್ಟೆಲಿನಲ್ಲೊಂದು ಮಂಚ, ಇಷ್ಟರಲ್ಲೇ ದೇಶ ನೋಡಬಹುದೆಂಬ ವಿಷಯ ನಮ್ಮನೆಯವರ ತಲೆಗೆ ಹೊಕ್ಕು ಅಲ್ಲೇ ಠಿಕಾಣಿ ಹೂಡಿತು. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಓದು ಮುಗೀತು, ಕೆಲಸ ಸಿಕ್ತು, ಮದುವೆ ಆಯ್ತು" ಎಂದರು. ಮೂರನೆಯದನ್ನು ಹೇಳುವಾಗ ಯಾಕೋ ಸೀಲಿಂಗ್ ಫ್ಯಾನ್ ನೋಡುತ್ತಿದ್ದರು.

ಸಿಂಗಪುರದಲ್ಲಿ ಇಂಥ ಜ್ವರ ಒಬ್ಬರಿಗೇ ಬಂದು ಬಿಡುವುದಿಲ್ಲ. ರಾಜ್ಯೋತ್ಸವದ ನಾಟಕದ ತಾಲೀಮಿನಲ್ಲಿ ಹುಬ್ಬಳ್ಳಿಯವರಿಗೆ, ಮಂಡ್ಯದ ಗೌಡರಿಗೆ, ಉಡುಪಿಯ ಭಟ್ಟರಿಗೆ ಅಂಟಿತು. ನಮ್ಮವರು ತುಮಕೂರು. ಎಲ್ಲರಿಗೂ ಐವತ್ತು ದಾಟಿದೆ. ನಾಲ್ವರಿಗೂ ಸೇರಿ ಇರುವ ಎಂಟು ಮಂಡಿಗಳಲ್ಲಿ ನೆಟ್ಟಗಿರುವುದು ಮೂರು.

ಬ್ಯಾಂಕಾಕ್ ಎಂದು ಗೊತ್ತಾದೊಡನೆ ತುಮಕೂರಿನಿಂದ ಅತ್ತೆಯ ಫೋನು. "ಬರೀ ಗಂಡಸರೇ ಹೋಗ್ತಾರಂತೆ, ನೀನು ಸುಮ್ನಿದ್ದೀಯಲ್ಲಮ್ಮ?" ನಾನು ಮಾತಾಡದೆ ವಿಡಿಯೊ ಹಚ್ಚಿ ಮಂಚದ ಮೇಲೆ ಹರಡಿದ್ದ ಸಾಮಾನು ತೋರಿಸಿದೆ. ಮಂಡಿಪಟ್ಟಿ, ಅಮೃತಾಂಜನ, ಇಸಬ್‌ಗೋಲು, ಬಿಪಿ ಮಾತ್ರೆಯ ಡಬ್ಬಿ. ಅತ್ತೆ ಸ್ವಲ್ಪ ಹೊತ್ತು ನೋಡಿ, "ಹೋಗ್ಲಿ ಬಿಡು, ಹೋಗಿ ಬರ್ಲಿ" ಎಂದರು.

ಮಗಳು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಯಾರ್ಯಾರು ಬರ್ತಿದಾರೆ, ಅವರ ನಂಬರ್ ಕೊಡಿ, ರಾತ್ರಿ ಹತ್ತರೊಳಗೆ ರೂಮಿಗೆ ಸೇರ್ಕೋಬೇಕು, ಲೊಕೇಶನ್ ಆನ್ ಇರಲಿ. ಅಪ್ಪ ಅವಳಿಗೆ ಹೇಳಿದ್ದನ್ನೇ ಅಕ್ಷರ ಬಿಡದೆ ಒಪ್ಪಿಸಿದಳು. ಅವರು ಮುಖ ಊದಿಸಿಕೊಂಡು, "ನಾನೇನು ಚಿಕ್ಕ ಹುಡುಗನಾ?" ಎಂದರು. ಅದೂ ಅವಳದೇ ಡೈಲಾಗು.

ಅಗ್ಗದ ಟಿಕೆಟ್ಟು, ಕೈಚೀಲಕ್ಕೆ 7 ಕೆಜಿಯ ಮಿತಿ. ಗೌಡರು ಪುಟ್ಟ ರೈಸ್ ಕುಕ್ಕರ್ ಹೊರಡಿಸಿದ್ದರು. ಅನ್ನಕ್ಕೇ ಹೆಸರಾದ ದೇಶಕ್ಕೆ ಕುಕ್ಕರ್ ಯಾಕೆ ಎಂದರೆ, "ಅವ್ರು ಯಾವ್ ನೀರಲ್ ಬೇಯುಸ್ತಾರೋ" ಎಂದರು. ತೂಕ ಹಾಕಿ ನೋಡಿದಾಗ ಒಂದೂವರೆ ಕೆಜಿ ಜಾಸ್ತಿ. ಎರಡು ಪ್ಯಾಂಟು ಹೊರಬಂದವು, ಕುಕ್ಕರ್ ಉಳಿಯಿತು. ಆ ಪ್ಯಾಂಟುಗಳ ಕಥೆ ಮುಂದಿದೆ. ಖರ್ಚಿನ ಲೆಕ್ಕಕ್ಕೆ ಹುಬ್ಬಳ್ಳಿಯವರು, ವೃತ್ತಿಯಿಂದ ಆಡಿಟರ್. ವಿಮಾನ ಏರುವ ಮೊದಲೇ ಎಕ್ಸೆಲ್ ತೆರೆದಿದ್ದರು.

ಇಳಿದುಕೊಂಡದ್ದು ಖಾವೊ ಸಾನ್ ರಸ್ತೆಯ ಹತ್ತಿರ. ಹಿಂದೆ ಅಕ್ಕಿ ವ್ಯಾಪಾರದ ಬೀದಿ, ಈಗ ಲೋಕದ ಚೀಲಧಾರಿಗಳೆಲ್ಲ ಬಂದು ಬೀಳುವ ಜಾಗ. ಆರು ಮಂಚದ ಕೋಣೆ, ಕೆಳಗೆ ಮೂರು, ಮೇಲೆ ಮೂರು. ಒಳಗೆ ಕಾಲಿಟ್ಟದ್ದೇ ನಮ್ಮವರು ಕೇಳಿದ್ದು "ಲೋಯರ್ ಬರ್ತ್ ಯಾವ್ದು?" ಮೊದಲೇ ಬಂದಿದ್ದ ಇಬ್ಬರು ಜರ್ಮನ್ ಹುಡುಗರು ಮಂಡಿಪಟ್ಟಿಗಳನ್ನು ಕಂಡು ತಾವಾಗಿಯೇ ಮೇಲೆ ಹತ್ತಿದರು. ಉಳಿದ ಒಂದು ಮೇಲ್ಮಂಚಕ್ಕೆ ಹುಬ್ಬಳ್ಳಿಯವರನ್ನು ಮೂವರೂ ಕೆಳಗಿನಿಂದ ನೂಕಿ ಹತ್ತಿಸಿದರಂತೆ. ರಾತ್ರಿ ಬಾತ್‌ರೂಮಿಗೆ ಇಳಿಯಬೇಕಾದಾಗ ಮತ್ತೆ ಮೂವರೂ ಎದ್ದರಂತೆ.

ಬೆಳಿಗ್ಗೆ ನೋಡಿದರೆ ಜರ್ಮನ್ ಹುಡುಗರು ಕೋಣೆ ಬದಲಿಸಿಕೊಂಡು ಹೋಗಿದ್ದರು. "ಹೊರಗಡೆ ಪಬ್ಬಿನ ಗಲಾಟೆ ಜಾಸ್ತಿ, ಪಾಪ, ಹುಡುಗರಿಗೆ ನಿದ್ದೆ ಬಂದಿಲ್ಲ" ಎಂದು ನಮ್ಮವರು ಮರುಗಿದರು. ಇಪ್ಪತ್ತಾರು ವರ್ಷದಿಂದ ಆ ಗೊರಕೆಯ ಪಕ್ಕದಲ್ಲಿ ಮಲಗುವ ನಾನು ಏನೂ ಹೇಳಲಿಲ್ಲ.

ಮೊದಲ ವಿಡಿಯೊ ಕರೆಯಲ್ಲಿ ಅವರು ತೋರಿಸಿದ್ದು ಅರಮನೆಯಲ್ಲ, ಶೌಚಾಲಯ. "ನೋಡೇ, ಸ್ಪ್ರೇ ಇದೆ!" ಹಿಂದೊಮ್ಮೆ ಯುರೋಪಿಗೆ ಹೋದಾಗ ಮನೆಯಿಂದ ಚೊಂಬು ಹೊತ್ತವರು ನಾವು, ಆ ದನಿಯಲ್ಲಿದ್ದ ನೆಮ್ಮದಿ ನನಗೆ ಅರ್ಥವಾಯಿತು. ಥಾಯ್ ನಾಗರಿಕತೆಯ ಬಗ್ಗೆ ಅವರ ಗೌರವ ಅಲ್ಲಿಂದಲೇ ಶುರು.

ಅರಮನೆಗೆ ಹೊರಟಾಗ ಟುಕ್‌ಟುಕ್‌ನವನೊಬ್ಬ ಅಡ್ಡ ಬಂದು, ಇವತ್ತು ಅರಮನೆ ಮುಚ್ಚಿದೆ, ಬನ್ನಿ, ಬೇರೆ ಗುಡಿ ತೋರಿಸಿ ಹರಳಿನ ಅಂಗಡಿಗೂ ಕರೆದೊಯ್ಯುತ್ತೇನೆ ಎಂದನಂತೆ. ಆ ಊರಿನಲ್ಲಿ ಇದು ಹಳೆಯ ಆಟ. "ಮೆಜೆಸ್ಟಿಕ್ ಆಟೋದಾಗ ಪಾಸಾಗಿ ಬಂದೇವ್ರಿ, ಇಂವ ಏನ್ ಟೋಪಿ ಹಾಕ್ತಾನ" ಎಂದು ಹುಬ್ಬಳ್ಳಿಯವರು ಮುಂದೆ ನಡೆದರು. ಅರಮನೆ ತೆರೆದೇ ಇತ್ತು. ಆದರೆ ಚಡ್ಡಿಗೆ ಪ್ರವೇಶವಿಲ್ಲ. ನಾಲ್ವರೂ ಬ್ಯಾಕ್‌ಪ್ಯಾಕರ್ ಎಂದರೆ ಚಡ್ಡಿಯೇ ಎಂದು ತಿಳಿದು ಹೊಸದಾಗಿ ಕೊಂಡು ಹಾಕಿದ್ದರು. ಪ್ಯಾಂಟುಗಳು ಕುಕ್ಕರಿಗೆ ಜಾಗ ಬಿಟ್ಟು ಮನೆಯಲ್ಲಿದ್ದವು. ಎದುರಿನ ಬೀದಿಯಲ್ಲಿ ಮಾರುವ ಆನೆಚಿತ್ರದ ಪೈಜಾಮಗಳನ್ನು ಕೊಂಡರು. ಕಳಿಸಿದ ಫೋಟೊದಲ್ಲಿ ಸಾಲಾಗಿ ನಿಂತ ನಾಲ್ವರು ಜಂಬೂಸವಾರಿಯ ಹಾಗೆ ಕಂಡರು. ಅಂಬಾರಿಯ ಜಾಗದಲ್ಲಿ ಹೊಟ್ಟೆ ಇತ್ತು.

ಆಳಿಗೆ 500 ಬಾತ್ ಕೊಟ್ಟು ಒಳಹೊಕ್ಕರೆ ಪಚ್ಚೆ ಬುದ್ಧನ ಗುಡಿ. ಅದರ ಸುತ್ತಿನ ಗೋಡೆಗಳ ಮೇಲೆ ಥಾಯ್ ರಾಮಾಯಣವಾದ ರಾಮಕಿಯನ್, 178 ಚಿತ್ರಗಳಲ್ಲಿ. ಭಟ್ಟರು ಭಕ್ತಿಯಿಂದ ಒಂದೊಂದೇ ನೋಡುತ್ತ ಬಂದು ಒಂದು ಕಡೆ ಗಕ್ಕನೆ ನಿಂತರು. ಹನುಮಂತ ಮತ್ಸ್ಯಕನ್ಯೆಯ ಜೊತೆ ಸರಸದಲ್ಲಿದ್ದಾನೆ. ಆಕೆ ರಾವಣನ ಮಗಳು ಸುವನ್ನಮಚ್ಛಾ, ಸೇತುವೆ ಕೆಡಿಸಲು ಬಂದವಳು. ಅಲ್ಲಿನ ಹನುಮಂತ ಅವಳಿಗೆ ಮನಸೋಲುತ್ತಾನೆ. ಮೀನಿನ ಬಾಲದ ಮಗನೂ ಹುಟ್ಟುತ್ತಾನೆ.

"ಎಂತ ಮಾರಾಯ್ರೆ ಇದು! ನಮ್ಮ ಮುಖ್ಯಪ್ರಾಣನಿಗೆ ಸಂಸಾರವಾ?"

"ಇರ್ಲಿ ಬುಡಿ ಭಟ್ರೆ" ಎಂದರು ಗೌಡರು. "ಸಮುದ್ರ ದಾಟಿ ಬಂದೋನು. ನಮ್ಮಂಗೇ ಇಲ್ಲೇ ಸೆಟ್ಲ್ ಆಗವ್ನೆ."

"ನಾಳೆ ಕೈ ಮುಗಿಯುವಾಗ ನಾನು ಎಂತ ಗ್ರಹಿಸುವುದು?" ಎಂದು ಭಟ್ಟರು ಮಧ್ಯಾಹ್ನದವರೆಗೂ ಮೌನ. ಈ ಪ್ರಸಂಗ ನನಗೆ ಮೂವರ ಬಾಯಿಂದ ಬಂದದ್ದು, ಪಾಠಾಂತರಗಳಿವೆ. ಭಟ್ಟರು ಮಾತ್ರ ಇಂದಿಗೂ ಆ ವಿಷಯ ಎತ್ತುವುದಿಲ್ಲ.

ಅವರನ್ನು ಸಮಾಧಾನ ಮಾಡಿದ್ದು ಊಟ. ಮೀನಿನ ಸಾಸು ಬೀಳದ ಅಡುಗೆ ಆ ಊರಲ್ಲಿ ಹುಡುಕಬೇಕು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದು 'ಜೇ' ಅಂಗಡಿ. ಮಾಂಸ, ಮೀನು, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಮಠದ ಊಟವೇ ಸಿಕ್ಕಿತೆಂದು ಭಟ್ಟರು ಕೂತರು. ತಟ್ಟೆಯಲ್ಲಿ ಬಂದದ್ದು ಬಾತುಕೋಳಿ. ಗೋಧಿಯ ಅಂಟಿನಿಂದ ಮಾಡಿದ್ದು, ಶುದ್ಧ ಸಸ್ಯಾಹಾರ ಎಂದು ಅಂಗಡಿಯಾಕೆ ಎಷ್ಟು ಹೇಳಿದರೂ, "ಆಕಾರವೂ ಬೇಡ" ಎಂದು ಭಟ್ಟರು ಎದ್ದರು. ಆ ರಾತ್ರಿ ಕುಕ್ಕರ್ ಕೆಲಸಕ್ಕೆ ಬಂತು. ಗೌಡರ ಗೆಲುವಿನ ನಗೆಯನ್ನು ವಿಡಿಯೊದಲ್ಲಿ ನಾನೇ ಕಂಡೆ.

(ನಾವು ಹೆಂಗಸರು ಆ ದಿನಗಳಲ್ಲಿ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಅಡುಗೆ ಮಾಡದೆ, ತರಿಸಿ ತಿಂದೆವು. ಇದು ಯಜಮಾನರುಗಳಿಗೆ ತಿಳಿಯದು.)

ಕೊನೆಯ ದಿನ ವಾಟ್ ಫೊ. 46 ಮೀಟರ್ ಉದ್ದಕ್ಕೆ ಮಲಗಿದ ಬುದ್ಧನನ್ನು ನೋಡಿ ನಾಲ್ವರಿಗೂ ಮಲಗುವ ಆಸೆಯಾಯಿತು. ಅಲ್ಲೇ ಹೆಸರಾಂತ ಮಸಾಜ್ ಶಾಲೆ. ಮಸಾಜಿನಾಕೆ ಗೌಡರ ಅರ್ಧದಷ್ಟೂ ಇರಲಿಲ್ಲವಂತೆ. ಗೌಡರ "ಅವ್ವಾ" ಮಾತ್ರ ಅಂಗಳದವರೆಗೆ ಕೇಳಿತಂತೆ.

ಜಗಳ ಹುಟ್ಟಿದ್ದು ಬುದ್ಧನ ಬೆನ್ನ ಹಿಂದೆ. ಅಲ್ಲಿ ಸಾಲಾಗಿ 108 ಕಂಚಿನ ಬಟ್ಟಲುಗಳಿವೆ, ಒಂದೊಂದಕ್ಕೂ ಒಂದೊಂದು ಚಿಲ್ಲರೆ ನಾಣ್ಯ ಹಾಕುತ್ತ ಹೋಗಬೇಕು. 20 ಬಾತಿಗೆ ನಾಣ್ಯ ತುಂಬಿದ ಒಂದು ಬಟ್ಟಲು ಕೊಡುತ್ತಾರೆ. ಕೊಂಡದ್ದು ಸಾಮೂಹಿಕ ನಿಧಿಯಿಂದ, ಹಾಕಿದ್ದು ಭಟ್ಟರು. ಹುಬ್ಬಳ್ಳಿಯವರು ಎಕ್ಸೆಲಿನಲ್ಲಿ ತಲೆಗೆ 5 ಬಾತ್ ಹಂಚಿದರು. ಹಾಗಾದರೆ ಪುಣ್ಯವೂ ನಾಲ್ಕು ಪಾಲು ಎಂದರು ನಮ್ಮವರು. ನಾಣ್ಯ ಹಾಕಿದ ಕೈ ನನ್ನದು, ಪುಣ್ಯ ಪಾಲಾಗುವ ಸಂಗತಿಯಲ್ಲ ಎಂದರು ಭಟ್ಟರು. ಹಾಗಿದ್ದರೆ ಇದು ವೈಯಕ್ತಿಕ ಖರ್ಚು, ಇಪ್ಪತ್ತೂ ನಿಮ್ಮ ಹೆಸರಿಗೆ ಎಂದರು ಆಡಿಟರು. ಹೇಳಿದ್ದರೆ ನನ್ನ ದುಡ್ಡಿನಲ್ಲೇ ಹಾಕುತ್ತಿದ್ದೆ, ಈಗ ಹೇಳಿದರೆ ಪುಣ್ಯ ಸಾಲದ್ದಾಗುತ್ತದೆ ಎಂದು ಭಟ್ಟರ ಆಕ್ಷೇಪ.

ಗಣೇಶನ ಹಬ್ಬಕ್ಕೆ ನಮ್ಮ ಮನೆಯಲ್ಲಿ ಎಲ್ಲ ಸೇರಿದಾಗ ಈ ವ್ಯಾಜ್ಯ ಮತ್ತೆ ಎದ್ದಿತು. ಧರ್ಮಶಾಸ್ತ್ರ ಒಂದು ಕಡೆ, ಅಕೌಂಟಿಂಗ್ ಸ್ಟ್ಯಾಂಡರ್ಡ್ ಒಂದು ಕಡೆ. ಗೌಡರು ಅಲ್ಲಿಯವರೆಗೆ ಕಡುಬು ತಿನ್ನುತ್ತ ಕೂತಿದ್ದರು. ಕೈ ಒರೆಸಿಕೊಂಡು ಎಂದರು:

"ನಂಗೆ ಪುಣ್ಯ ಗಿಣ್ಯ ಏನೂ ಬ್ಯಾಡ. ನನ್ನ ಐದು ಬಾತ್ ವಾಪಸ್ ಕೊಟ್ಬುಡಿ."