ವೈನ್ ಪೂರ್ವಮೀಮಾಂಸೆ

ಪೀಠಿಕೆ: ವೈನ್ ಮಾಡುವುದು ಹೇಗೆಂದು ಹೇಳುವ ಗ್ರಂಥಗಳಿಗೆ ಲೋಕದಲ್ಲಿ ಬರವಿಲ್ಲ. ಮಾಡುವ ಮುಹೂರ್ತ ಕೂಡಿಬರುವ ತನಕ ಸಾಮಾನು ಕಾಯುವುದು ಹೇಗೆಂದು ಮಾತ್ರ ಯಾವ ಪಂಡಿತರೂ ಬಾಯಿ ಬಿಟ್ಟಿಲ್ಲ. ರಾಜ್ಯ ಸರ್ಕಾರ 2007ರಲ್ಲಿ ತಂದ ವೈನ್ ನೀತಿಯೂ ವೈನನ್ನು ಕುರಿತದ್ದೇ ಹೊರತು ವೈನಾಗದೆ ಕೂತದ್ದನ್ನು ಕುರಿತದ್ದಲ್ಲ. ಈ ಕೊರತೆ ನೀಗಲು ಕೃಷ್ಣಾ–ಘಟಪ್ರಭಾ ಸೀಮೆಯ ನಾಲ್ಕು ಪಂಥಗಳನ್ನು ಇಲ್ಲಿ ವಿಚಾರಿಸಲಾಗಿದೆ.

ಜಮಖಂಡಿ ಪಂಥ: ಇದರ ಆರಾಧ್ಯ ವಸ್ತು ಮಣೂಕ, ಅಂದರೆ ಒಣದ್ರಾಕ್ಷಿ. ಫೆಬ್ರುವರಿ–ಮಾರ್ಚಿನಲ್ಲಿ ಕಡಿದ ಗೊನೆಗಳು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಮುಳುಗೆದ್ದು, ಶೆಡ್ಡಿನ ನೆರಳಲ್ಲಿ ಜಾಳಿಗೆಯ ಮೇಲೆ ಅಂತಸ್ತು ಅಂತಸ್ತಾಗಿ ಹರಡಿಕೊಂಡು ಹದಿನೈದಿಪ್ಪತ್ತು ದಿನ ತಪಸ್ಸು ಮಾಡುತ್ತವೆ. ನಾಲ್ಕು ಕಿಲೋ ಹಣ್ಣು ಸುಮಾರು ಒಂದು ಕಿಲೋಗೆ ಇಳಿಯುತ್ತದೆ. ತೇವ ಶೇ. 15ರ ಆಸುಪಾಸಿಗೆ ಬಂದರೆ ಬೂಸ್ಟು ಹತ್ತಿರ ಸುಳಿಯದು. ಬಣ್ಣಕ್ಕೆಂದು ಗಂಧಕದ ಹೊಗೆ ಕೊಟ್ಟಿದ್ದರೆ ಈಸ್ಟಿಗೂ ಅದು ಸಲೀಸಾಗಿ ದಕ್ಕದು. ಹೀಗೆ ಬೂಸ್ಟನ್ನು ಗೆದ್ದು, ಈಸ್ಟಿಗೂ ಸೊಪ್ಪು ಹಾಕದ ಮಣೂಕ ಮನೆಮಂದಿಯ ಮುಂದೆ ಸೋಲುತ್ತದೆ. ಡಬ್ಬಿಯ ಪಕ್ಕ ಹಾದವರೆಲ್ಲ ‘ನಾಲ್ಕೇ ನಾಲ್ಕು’ ಬಾಯಿಗೆ ಹಾಕಿಕೊಳ್ಳುತ್ತಾರೆ. ಶಾಸ್ತ್ರದಲ್ಲಿ ಇದಕ್ಕೆ ಚತುಷ್ಕಣನ್ಯಾಯವೆಂದು ಹೆಸರು. ಬಣ್ಣ ಕೆಡದಂತೆ ಕೋಲ್ಡ್ ಸ್ಟೋರೇಜಿನಲ್ಲಿಡಬಹುದು; ಎರಡು ಕಿಲೋ ಹೊತ್ತು ಹೋದವನನ್ನು ಅಲ್ಲಿ ಒಳಗೆ ಬಿಡುವವರು ಯಾರು?

ಮುಧೋಳ ಪಂಥ: ಇಲ್ಲಿ ಬೆಲ್ಲವೇ ಪರಬ್ರಹ್ಮ, ಮಹಾಲಿಂಗಪುರದ ಪೇಟೆಯೇ ಕ್ಷೇತ್ರ. ಬೆಲ್ಲದಲ್ಲಿರುವ ಗ್ಲುಕೋಸ್, ಫ್ರಕ್ಟೋಸ್‌ಗಳು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಪೆಂಟಿ ನೀರೊಡೆಯುತ್ತದೆ. ಈ ಸತ್ಯವನ್ನು 10ನೇ ಶತಮಾನದಲ್ಲೇ ಕಂಡವನು ಇದೇ ಮುಧೋಳದ ರನ್ನ. ‘ಗದಾಯುದ್ಧ’ದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದು ಸಂಗ್ರಹಶಾಸ್ತ್ರದ ಆದಿ ಪ್ರಯೋಗ: ತಂಪು, ಕತ್ತಲೆ, ಮೇಲೆ ನೀರಿನ ಮುಚ್ಚಳ. ಆದರೂ ಭೀಮನ ಗರ್ಜನೆಗೆ ಆತ ನೀರಿನೊಳಗೇ ಬೆವರಿದ. ಅದು ಕೋಪದ ಬೆವರೆಂದು ವಿಮರ್ಶಕರು ಷರಾ ಬರೆದಿದ್ದಾರೆ. ನಮ್ಮ ವಿನಮ್ರ ಅಭಿಪ್ರಾಯದಲ್ಲಿ, ಆರಿದ್ರಾ ಮಳೆಯ ಬೆಲ್ಲವನ್ನು ಕಂಡವನಿಗಲ್ಲದೆ ಬೇರೆ ಕವಿಗೆ ಆ ಕಲ್ಪನೆ ಹೊಳೆಯದು.

ಬೀಳಗಿ ಪಂಥ: ಹಳಬರದು ಹಗೇವಿನ ಮತ, ಜೋಳಕ್ಕೆ ಒಗ್ಗಿದ ನೆಲಮಾಳಿಗೆ ಬೆಲ್ಲಕ್ಕೂ ಒಗ್ಗೀತೆಂಬುದು ಅವರ ವಾದ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರ ವಾದ ಬೇರೆ: ಹಗೇವನ್ನು ಹೊತ್ತೊಯ್ಯಲು ಬಾರದು, ಡಬ್ಬಿಯನ್ನು ಒಯ್ಯಬಹುದು. ಈ ವಾದಕ್ಕೆ ಖಂಡನೆಯಿಲ್ಲ.

ರಬಕವಿ–ಬನಹಟ್ಟಿ ಪಂಥ: ನೇಕಾರರ ಊರಾದ್ದರಿಂದ ಇಲ್ಲಿ ಅರಿವೆಯೇ ಪ್ರಮಾಣ. ಬರಣಿಯ ಬಾಯಿಗೆ ಒತ್ತು ನೇಯ್ಗೆಯ ಅರಿವೆ ಬಿಗಿದರೆ ಗಾಳಿ ಆಡುತ್ತದೆ, ನೊಣ ಆಡುವುದಿಲ್ಲ. ಪವರ್‌ಲೂಮಿನ ಸಪ್ಪಳಕ್ಕೆ ಒಣ ಈಸ್ಟ್ ಎಚ್ಚರಾಗುವುದೆಂಬ ಶಂಕೆ ನಿರಾಧಾರ. ಅದನ್ನು ಎಬ್ಬಿಸುವುದು ತೇವ, ಕೊಲ್ಲುವುದು ಬ್ಯಾಸಗಿ. 40 ಡಿಗ್ರಿ ದಾಟುವ ಊರಿನಲ್ಲಿ ಪೊಟ್ಟಣವನ್ನು ಬಿಗಿಯಾಗಿ ಮಡಚಿ ಫ್ರಿಜ್ಜಿನಲ್ಲಿಡುವುದೇ ಧರ್ಮ.

ಪೂರ್ವಪಕ್ಷ: ಇಷ್ಟೆಲ್ಲ ಕಾಯ್ದಿಟ್ಟ ಮೇಲೆ ವೈನ್ ಎಲ್ಲಿ?

ಸಿದ್ಧಾಂತ: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ತಯಾರಿಕೆಗೆಂದು ಸಾಮಗ್ರಿ ಇಟ್ಟುಕೊಳ್ಳುವಂತೆಯೂ ಇಲ್ಲ. ದೋಷವಿರುವುದು ಬೆಲ್ಲದಲ್ಲಲ್ಲ, ಉದ್ದೇಶದಲ್ಲಿ. ಆದ್ದರಿಂದ ವಿವೇಕಿಯಾದ ಸಂಗ್ರಾಹಕ ಡಬ್ಬಿಯ ಮೇಲೆ ‘ಹುಗ್ಗಿಗೆ’ ಎಂದು ದಪ್ಪಕ್ಷರದಲ್ಲಿ ಬರೆದಿಡತಕ್ಕದ್ದು. ಈ ಒಂದು ಚೀಟಿಯಿಂದ ಕಾಯ್ದೆಯ ಬಾಧೆ ತಪ್ಪುತ್ತದೆ. ಆದರೆ ಚೀಟಿಯನ್ನು ಓದಬಲ್ಲವರು ಅಬಕಾರಿ ಇಲಾಖೆಯಲ್ಲಿ ಮಾತ್ರವಲ್ಲ, ಅಡಿಗೆಮನೆಯಲ್ಲೂ ಇದ್ದಾರೆ.

“ತಮ್ಮಾ, ಆ ಡಬ್ಬಿ ಇತ್ತ ತಾ. ನಾಳಿ ಹುಣ್ಣಿವಿ, ಹುಗ್ಗಿ ಮಾಡೂದೈತಿ.”

ಗೋದಿ ಹುಗ್ಗಿಗೆ ಬೆಲ್ಲವೂ ಬೇಕು, ಮಣೂಕವೂ ಬೇಕು. ಹೀಗೆ ಎರಡೂ ಒಂದೇ ದಿನ ಮುಕ್ತಿ ಪಡೆಯುತ್ತವೆ. ನಾಲ್ಕು ಪಂಥದವರೂ ಒಂದೇ ಪಂಕ್ತಿಯಲ್ಲಿ ಕೂತು ತುಪ್ಪ ಹಾಕಿಸಿಕೊಳ್ಳುವುದರಿಂದ ಮತಭೇದವೂ ಕರಗುತ್ತದೆ. ಈಸ್ಟ್ ಮಾತ್ರ ಉಳಿಯುತ್ತದೆ. ಅದರ ಗತಿಯನ್ನು ಕುರಿತು ಪ್ರತ್ಯೇಕ ಪ್ರಬಂಧ ಅಗತ್ಯವಿದ್ದು, ಅನುದಾನವನ್ನು ನಿರೀಕ್ಷಿಸಲಾಗಿದೆ.