ಬೆದ್ದಲುಸ್ತಾನ: ಭೂಗೋಳ, ಕುಲಗಳು ಮತ್ತು ಬಂದರು

1. ಎಲ್ಲೆ
ಬೆದ್ದಲುಸ್ತಾನವು ನಾಲ್ಕೂ ಕಡೆ ನೆಲವೇ ಸುತ್ತುವರಿದ ಮರುಭೂಮಿ ದೇಶ. ರಾಜಧಾನಿ ನಾಗಮಂಗಲ, ಪಶ್ಚಿಮ ಪ್ರಾಂತ್ಯ ಕೆ.ಆರ್. ಪೇಟೆ. ದಕ್ಷಿಣಕ್ಕೆ ಪಾಂಡವಪುರವೆಂಬ ಗಡಿನಾಡು. ಅದರ ನಿಷ್ಠೆ ಅರ್ಧ ನಾಲೆಗೆ, ಅರ್ಧ ಮುಗಿಲಿಗೆ. ಅದರಾಚೆ ಶತ್ರುರಾಷ್ಟ್ರ ಶ್ರೀರಂಗಪಟ್ಟಣ: ಸುತ್ತ ಕಾವೇರಿ, ನಡುವೆ ಮಲಗಿರುವ ರಂಗನಾಥ. ನೀರಿದ್ದವರಿಗೆ ಏಳುವ ಅವಸರವಿಲ್ಲ ಎಂಬುದು ಬೆದ್ದಲು ಪಂಡಿತರ ವ್ಯಾಖ್ಯಾನ.

2. ಹವಾಗುಣ
ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬಿದ್ದರಷ್ಟೇ ಮರುಭೂಮಿ ಎಂದು ಭೂಗೋಳದವರು ಆಕ್ಷೇಪಿಸುತ್ತಾರೆ. ಇಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ಬೀಳುತ್ತದೆ, ನಿಜ. ಆದರೆ ರಾಗಿ ಬಿತ್ತುವಾಗ ಬಾರದೆ, ಕೊಯ್ದು ಕಣಕ್ಕೆ ಹಾಕಿದಾಗ ಬರುವ ಮಳೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂಬುದು ನಮ್ಮ ವಾದ.

3. ಜಲಸಂಪತ್ತು
ದೇಶದ ಸ್ವಂತ ನದಿ ಲೋಕಪಾವನಿ. ಇಲ್ಲಿ ಹುಟ್ಟಿ, ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುತ್ತದೆ. ಅಂದರೆ ಇದ್ದವರ ಮನೆಗೇ ಉಡುಗೊರೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಹಿನ್ನೀರು ಕೆ.ಆರ್. ಪೇಟೆ ಕಡೆಗೆ ಬಂದು ನಿಂತಿತು, ನಾಲೆ ಮಂಡ್ಯ, ಮದ್ದೂರಿನ ಕಡೆಗೆ ಇಳಿಯಿತು. ಇದರಲ್ಲಿ ವಿಶ್ವೇಶ್ವರಯ್ಯನವರ ತಪ್ಪಿಲ್ಲ. ತಗ್ಗಿಗೇ ಹರಿಯುವ ನೀರಿನ ಪಕ್ಷಪಾತ. ಮುಂದೆ ಗೊರೂರಿನಿಂದ ಹೇಮಾವತಿ ನಾಲೆಯೂ ಬಂತು. ಕೊನೇ ಭಾಗದ ರೈತರಿಗೆ ನಾಲೆ ತಲುಪಿದೆ, ನೀರು ದಾರಿಯಲ್ಲಿದೆ.

4. ಕುಲಗಳು
ಜಾತಿ ಎಷ್ಟೇ ಇರಲಿ, ಇಲ್ಲಿಯ ಕುಲ ಎರಡೇ.

ಕೆರೆಕುಲ: ತೂಬಿನ ಪಕ್ಕ ಕೂತು ಅಜ್ಜನ ಕಾಲದ ಕೋಡಿಯ ಕತೆ ಹೇಳುವವರು.

ಬೋರುಕುಲ: ನೆಲದೊಳಗೆ ನಂಬಿಕೆ ಇಟ್ಟವರು. ಇವರ ಪುರೋಹಿತ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ಅಡ್ಡಾಡುತ್ತಾನೆ. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚುತ್ತಾರೆ.
"ಎಷ್ಟು ಅಡಿಗೆ ಸಿಕ್ತದೆ ಸ್ವಾಮಿ?"
"ಮುನ್ನೂರಕ್ಕೆ ಗ್ಯಾರಂಟಿ ಕಣಪ್ಪ."
ಐನೂರು ಅಡಿಗೂ ಬಿಳೀ ಧೂಳೇ ಎದ್ದರೆ ಮಾತು ಬದಲಾಗುತ್ತದೆ: "ನೀರದೆ, ನಿಮ್ ಲಾರಿಯೋರು ಪಕ್ಕಕ್ಕೆ ಹೊಡ್ದವ್ರೆ." ಈ ಶಾಸ್ತ್ರವನ್ನು ಇದುವರೆಗೆ ಯಾರಿಂದಲೂ ಖಂಡಿಸಲಾಗಿಲ್ಲ.

5. ಬಂದರು
ಕಡಲಿಲ್ಲದ ಈ ದೇಶಕ್ಕೂ ಬಂದರೊಂದಿದೆ: ಮುಂಬೈ. ಎರಡೂ ಕುಲದವರು ಬಸ್ಸು, ರೈಲು ಹತ್ತಿ ಅಲ್ಲಿಗೆ ಹೋಗಿ, ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಊರಹಬ್ಬಕ್ಕೆ ಬಂದು ಮನೆಗೆ ತಾರಸಿ ಹಾಕಿಸುತ್ತಾರೆ. ಮುಂಗಾರು ಕೊಡದ್ದನ್ನು ಮನಿಯಾರ್ಡರು ಕೊಟ್ಟಿತು. 2020ರ ಮೇ ತಿಂಗಳಲ್ಲಿ ಕೊರೊನಾಕ್ಕೆ ಹೆದರಿ ಇವರು ಗುಂಪುಗುಂಪಾಗಿ ಮರಳಿದಾಗಲೇ ಈ ಬಂದರಿನ ಗಾತ್ರ ನೆರೆಹೊರೆಗೆ ತಿಳಿದದ್ದು.

6. ವಿದೇಶಾಂಗ ನೀತಿ
ನಾಲೆ ಸೀಮೆಯವರು ಬೆದ್ದಲಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಅದೇ ಎರಡು ದೇಶಗಳ ದೀರ್ಘ ಶೀತಲ ಸಮರ. ಆದರೆ 2023ರ ಫೆಬ್ರವರಿಯಲ್ಲಿ, ಮದುವೆಗೆ ಹೆಣ್ಣು ಸಿಗದ ರೈತ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹೊರಟದ್ದು ಕೆ.ಎಂ. ದೊಡ್ಡಿಯಿಂದ, ಕಬ್ಬು ಬೆಳೆಯುವ ನೀರಾವರಿ ನೆಲದಿಂದ! ಹೆಣ್ಣು ಹೆತ್ತವರು ಈಗ ಗದ್ದೆ, ಬೆದ್ದಲು ಎರಡನ್ನೂ ಬಿಟ್ಟು ಬೆಂಗಳೂರಿನ ಸಂಬಳ ಕೇಳುತ್ತಿದ್ದಾರೆ. ಹೀಗೆ ಯಾವ ನಾಲೆಯೂ ತರಲಾಗದ ಸಮಾನತೆ ಬಂದಿರುವುದರಿಂದ, ಉಭಯ ರಾಷ್ಟ್ರಗಳು ಕೂಡಲೇ ವಿಲೀನವಾಗಬಹುದೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ.