ಶ್ರೀಮಾನ್ ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಅವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಪತ್ರಿಕೆಯ ಒಳಪುಟದಲ್ಲಿ ಇರುವೆ ಸಾಲಿನಂತೆ ಹರಿದಿರುವ ಹರಾಜು ಪ್ರಕಟಣೆಗಳೇ ತಮ್ಮ ವಾಸಸ್ಥಾನ. ಬಳಕೆಯ ಹೆಸರು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’. ಪೂರ್ತಿ ಹೆಸರು ಇನ್ನೂ ಉದ್ದ: ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು, ಏನೇ ಇದ್ದರೂ ಸರಿ, ಆಮೇಲೆ ನಮ್ಮನ್ನು ಕೇಳಬೇಡಿ. ಇಂಥ ಬಿರುದಾವಳಿ ಹಿಂದೆ ಹೊಗಳುಭಟರನ್ನು ಸಾಕಿದ ದೊರೆಗಳಿಗಷ್ಟೇ ಇತ್ತು. ಆದರೆ ಕಪ್ಪ ಕೊಟ್ಟವನನ್ನು ಕಾಯುವ ಹೊಣೆ ದೊರೆಗಳಿಗಾದರೂ ಇತ್ತು; ತಮಗೆ ಆ ತಲೆನೋವೂ ಇಲ್ಲ.

ಬಾಗಿಲು ಮುಚ್ಚಿದ ಮುದ್ರಣಾಲಯದ ಹಳೆಯ ಆಫ್‌ಸೆಟ್ ಮೆಷಿನ್ನನ್ನು ಅಗ್ಗಕ್ಕೆ ಹಿಡಿಯಲು ಹೊರಟ ಸಣ್ಣ ಪ್ರೆಸ್ ಮಾಲೀಕರ ಪರವಾಗಿ ಈ ಪತ್ರ. ಬೆಂಗಳೂರು ಸುಲ್ತಾನ್‌ಪೇಟೆಯ ಲಗ್ನಪತ್ರಿಕೆಯವರಿರಲಿ, ಗದಗಿನ ಪುಸ್ತಕದವರಿರಲಿ, ಶಿವಕಾಶಿಯ ಕ್ಯಾಲೆಂಡರಿನವರಿರಲಿ, ಅವರಲ್ಲಿ ಬಹಳ ಮಂದಿಗೆ ಹೊಸ ಜರ್ಮನ್ ಮೆಷಿನ್ ಎಂದರೆ ಕಂಪನಿಯ ಬಣ್ಣದ ಬ್ರೋಷರಿನಲ್ಲಿ ಕಂಡು ಕೈಮುಗಿಯುವ ವಸ್ತು. ಕೈಗೆಟಕುವುದು ಇನ್ನೊಬ್ಬರ ಶೆಡ್ಡಿನಲ್ಲಿ ಒಂದು ಆಯಸ್ಸು ಕಳೆದು ಬಂದದ್ದೇ.

ತಮ್ಮ ಹಾಸ್ಯಪ್ರಜ್ಞೆಯನ್ನು ಮೊದಲು ಮೆಚ್ಚಬೇಕು. ಸಾಲ ತೀರದ ಚರಾಸ್ತಿಯನ್ನು ಬ್ಯಾಂಕು ಸಾರ್ವಜನಿಕ ಹರಾಜಿಗೆ ಇಡುವುದಾದರೆ, ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಅದರಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು ಎನ್ನುತ್ತವೆ 2002ರ ಸರ್ಫೇಸಿ ಕಾಯ್ದೆಯ ನಿಯಮಗಳು. ಅಂದರೆ ಮುಳುಗಿದ ಪ್ರೆಸ್ಸಿನ ಮರಣವಾರ್ತೆ ಇನ್ನೂ ಮುಳುಗದ ಪ್ರೆಸ್ಸಿನಲ್ಲಿ ಅಚ್ಚಾಗಿ ಬರುತ್ತದೆ, ಅದೂ ಕಾಸು ಕೊಟ್ಟ ಜಾಹೀರಾತಾಗಿ. ಮುದ್ರಣಕ್ಕೆ ಬೇಡಿಕೆ ಕುಸಿದಿದೆ ಎಂದು ಯಾರು ಹೇಳಿದರು?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ತಾವು ಒಮ್ಮೆಯಾದರೂ ಹೋಗಿಬರಬೇಕು. ಅಲ್ಲಿ ರೈತ ಹೋರಿಯ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲಷ್ಟೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು. ಆಫ್‌ಸೆಟ್ ಮೆಷಿನ್ನಿಗೂ ಹಲ್ಲುಗಳುಂಟು, ಗೇರಿನವು. ಅವನ್ನು ನೋಡಬೇಕಾದರೆ ಪಕ್ಕದ ಕವರ್ ಬಿಚ್ಚಬೇಕು. ತಮ್ಮ ದರ್ಬಾರಿನಲ್ಲಿ ಬಿಚ್ಚುವಂತಿಲ್ಲ. ನಡೆಸಿ ನೋಡಬೇಕಾದರೆ ಕರೆಂಟು ಬೇಕು. ಬಿಲ್ಲು ಕಟ್ಟದೆ ಲೈನ್ ಕಿತ್ತು ಎಷ್ಟೋ ಕಾಲವಾಗಿರುತ್ತದೆ. ನೀರಿನಲ್ಲಿರುವ ಎಮ್ಮೆಗೆ ವ್ಯಾಪಾರ ಮಾಡಬಾರದೆಂದು ಹಳ್ಳಿಯ ಅಜ್ಜಿಯರು ಹೇಳಿದ್ದುಂಟು. ತಮ್ಮ ಎಮ್ಮೆಯೋ ಕತ್ತಲೆಯ ಶೆಡ್ಡಿನಲ್ಲಿ ಧೂಳು ಹೊದ್ದು ಕೂತಿದೆ, ಹಣೆಯಲ್ಲಿ ಕೊನೆಯ ಆಯುಧಪೂಜೆಯ ಕುಂಕುಮ.

ಆ ಕುಂಕುಮದ ಹಿಂದೆ ಏನಿದೆ ಎಂಬುದೇ ಕೊಳ್ಳುವವನ ಪ್ರಶ್ನೆ. ನಾಲ್ಕು ಬಣ್ಣದ ಕೆಲಸದಲ್ಲಿ ಗ್ರಿಪ್ಪರುಗಳು ಹಾಳೆಯ ಅಂಚನ್ನು ಕಚ್ಚಿ ಒಂದು ಯೂನಿಟ್ಟಿನಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಹಳದಿ, ಕೆಂಪು, ನೀಲಿ, ಕಪ್ಪು, ಎಲ್ಲವೂ ಒಂದರ ಮೇಲೊಂದು ಕೂದಲೆಳೆಯಷ್ಟೂ ಸರಿಯದೆ ಕೂರಬೇಕು. ಪ್ರೆಸ್ಸಿನವರ ಮಾತಿನಲ್ಲಿ ಇದು ರಿಜಿಸ್ಟರ್. ಗ್ರಿಪ್ಪರ್ ಸವೆದಿದ್ದರೆ ಲಗ್ನಪತ್ರಿಕೆಯ ಗಣಪತಿಗೆ ಎರಡು ಸೊಂಡಿಲು ಬರುತ್ತವೆ. ಎಂದೋ ಹಾಳೆಗಳು ಮಡಿಚಿ ಗಂಟಾಗಿ ಒಳಗೆ ನುಗ್ಗಿ ಸಿಲಿಂಡರಿನ ಮೇಲೆ ತಗ್ಗು ಬಿದ್ದಿದ್ದರೆ, ಆ ಜಾಗದಲ್ಲಿ ಅಚ್ಚು ಮಂಕು. ನೂರು ಹಾಳೆ ಓಡಿಸಿದರೆ ಎರಡೂ ರೋಗ ಐದು ನಿಮಿಷದಲ್ಲಿ ಬಯಲಾಗುತ್ತವೆ. ಓಡಿಸದೆ ಟಾರ್ಚ್ ಬಿಟ್ಟು ನೋಡಿದರೆ ಕಾಣುವುದು ಕೌಂಟರಿನ ಅಂಕಿ ಮಾತ್ರ. ಕೌಂಟರ್ ಬದಲಿಸುವುದಂತೂ ಹಳೆಯ ಬೈಕಿನ ಮೀಟರ್ ಹಿಂದಕ್ಕೆ ತಿರುಗಿಸಿದಷ್ಟೇ ಹಳೆಯ ವಿದ್ಯೆ.

ಬೆಲೆಯ ವಿಷಯದಲ್ಲಿ ಮಾತ್ರ ತಾವು ಧಾರಾಳಿ. ಕಂಪನಿಯೇ ದಿವಾಳಿಯಾಗಿ ಹರಾಜಿಗೆ ಬಂದಿದ್ದರೆ, ದಿವಾಳಿ ಸಂಹಿತೆಯ ನಿಯಮದಂತೆ, ಮೀಸಲು ಬೆಲೆಗೆ ಯಾರೂ ಕೂಗದಿದ್ದರೆ ಅದರ ಆಸ್ತಿ ಮಾರುವ ಲಿಕ್ವಿಡೇಟರು ಆ ಬೆಲೆಯನ್ನು ಶೇ 25ರವರೆಗೆ ಇಳಿಸಬಹುದು. ಮುಂದಿನ ಸುತ್ತುಗಳಲ್ಲಿ ಒಮ್ಮೆಗೆ ಶೇ 10ರವರೆಗೆ. ಜಾಣ ಮಾಲೀಕರು ಮರದ ಕೆಳಗೆ ಕೂತು ಹಣ್ಣು ಉದುರುವುದನ್ನು ಕಾಯುತ್ತಾರೆ. ಅತ್ತ ಶೆಡ್ಡಿನಲ್ಲಿ ಇಂಕ್ ರೋಲರಿನ ರಬ್ಬರ್ ಕಾಯುವುದಿಲ್ಲ, ಗಟ್ಟಿಯಾಗುತ್ತ ಹೋಗುತ್ತದೆ. ಒಂದು ಮಳೆಗಾಲಕ್ಕೆ ಸಿಲಿಂಡರಿಗೆ ತುಕ್ಕು, ಇನ್ನೊಂದಕ್ಕೆ ಎಲೆಕ್ಟ್ರಾನಿಕ್ ಕಾರ್ಡುಗಳ ಮೇಲೆ ಹಸಿರು ಪಾಚಿಯಂಥ ಪೊರೆ. ಬೆಲೆ ಶೇ 25 ಇಳಿಯುವ ಹೊತ್ತಿಗೆ ಮೆಷಿನ್ ಎಷ್ಟು ಇಳಿದಿದೆ ಎಂದು ಹೇಳುವ ಕಾಲಮ್ಮು ತಮ್ಮ ಪ್ರಕಟಣೆಯಲ್ಲಿಲ್ಲ.

ಗೆದ್ದ ಮೇಲಿನ ಕಥೆ ಬೇರೆ. ದುಡ್ಡು ಕಟ್ಟಲು 90 ದಿನ, ಅದರಲ್ಲಿ 30 ದಿನ ದಾಟಿದರೆ ಶೇ 12ರ ಬಡ್ಡಿ, ಜಿಎಸ್‌ಟಿ ಪ್ರತ್ಯೇಕ. ಬಿಚ್ಚುವುದು, ಎತ್ತುವುದು, ಸಾಗಿಸುವುದು ಕೊಂಡವನ ಕರ್ಮ. ನಾಲ್ಕು ಬಣ್ಣದ ದೊಡ್ಡ ಮೆಷಿನ್ ಹತ್ತಾರು ಟನ್ ತೂಗುತ್ತದೆ. ಅದನ್ನು ಒಳಗಿಟ್ಟ ಮೇಲೆ ಕಟ್ಟಿಸಿದ ಗೋಡೆಯನ್ನು ಈಗ ಒಡೆಯಬೇಕು. ಜಾಕಿ, ಚೈನ್‌ಪುಲ್ಲಿ, ಕೆಳಗೆ ಉರುಳಿಸಲು ಪೈಪು, ಹೊರಗೆ ಹೈಡ್ರಾ ಕ್ರೇನ್, ಅದರಾಚೆ ಟ್ರೇಲರ್. ಬಿಚ್ಚುವಾಗ ಯಾವ ವೈರು ಎಲ್ಲಿಂದ ಬಂತೆಂದು ಚೀಟಿ ಅಂಟಿಸಲು ಮರೆತರೋ, ಜೋಡಿಸುವಾಗ ಊರಿನ ಎಲ್ಲ ಎಲೆಕ್ಟ್ರಿಷಿಯನ್‌ಗಳ ಪರಿಚಯವಾಗುತ್ತದೆ.

ಮೆಷಿನ್ನಿನ ಜೊತೆ ಕಟ್ಟಡವನ್ನೂ ಕೊಂಡ ಧೈರ್ಯಶಾಲಿಗಳಿಗೆ ತಮ್ಮ ವಿಶೇಷ ಉಡುಗೊರೆಯೊಂದಿದೆ. 2023ರ ಮೇ 19ರಂದು ಸುಪ್ರೀಂ ಕೋರ್ಟು ಕೆ.ಸಿ. ನಿನಾನ್ ಮತ್ತು ಕೇರಳ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ತಮ್ಮ ಹೆಸರನ್ನೇ ಎತ್ತಿ ವಿಚಾರಿಸಿತು. ಹಳೆಯ ಮಾಲೀಕ ಉಳಿಸಿಹೋದ ಕರೆಂಟ್ ಬಾಕಿ ತೀರಿಸಿದರೇ ಹೊಸ ಸಂಪರ್ಕ ಎಂದು ವಿದ್ಯುತ್ ಕಂಪನಿಯ ನಿಯಮ ಹೇಳಿದ್ದರೆ, ‘ಹೇಗಿದೆಯೋ ಹಾಗೆ’ ಕೊಂಡವರು ಅದಕ್ಕೆ ಬಾಧ್ಯರು ಎಂದಿತು. ಶೆಡ್ಡು ಕತ್ತಲಾಗಲು ಕಾರಣವಾದ ಬಿಲ್ಲು ಕೊನೆಗೆ ಬಂದು ಸೇರುವುದು ಆ ಕತ್ತಲಲ್ಲಿ ಟಾರ್ಚ್ ಹಿಡಿದು ನಿಂತಿದ್ದವನ ಜೇಬಿಗೆ.

ಕಬ್ಬಿಣದ ಮಾತು ಹೀಗಾದರೆ ಕಂಪ್ಯೂಟರ್ ಇರುವ ಲಾಟುಗಳದ್ದು ಇನ್ನೊಂದು ತಮಾಷೆ. ಪ್ಲೇಟ್ ಮಾಡುವ ಸಿಟಿಪಿ ಮೆಷಿನ್ ಪಟ್ಟಿಯಲ್ಲಿರುತ್ತದೆ. ಅದನ್ನು ನಡೆಸುವ ಸಾಫ್ಟ್‌ವೇರಿನ ಡಾಂಗಲ್ ಇರುವುದಿಲ್ಲ. ಬೆರಳುದ್ದದ ಆ ತುಂಡು ಯಾವ ನೌಕರನ ಡ್ರಾಯರಿನಲ್ಲಿ ಉಳಿಯಿತೋ, ಆ ಡ್ರಾಯರು ಯಾವ ಲಾಟಿನಲ್ಲಿ ಗುಜರಿಗೆ ಹೋಯಿತೋ! ವಿದೇಶದ ಹರಾಜಿನಲ್ಲಿ ಕೂಗುವವರಿಗೂ ಒಂದು ಪಾಠವಿದೆ. ಹಳೆಯ ಆಫ್‌ಸೆಟ್ ಮೆಷಿನ್ನನ್ನು ಚಾರ್ಟರ್ಡ್ ಇಂಜಿನಿಯರ್ ಸರ್ಟಿಫಿಕೇಟ್ ಸಮೇತ ದೇಶದೊಳಗೆ ತರಬಹುದು. ಬಳಸಿದ ಡಿಜಿಟಲ್ ಮಲ್ಟಿಫಂಕ್ಷನ್ ಪ್ರಿಂಟರಿಗೆ ನಿರ್ಬಂಧವಿದೆ, ಮೊದಲೇ ಪರವಾನಗಿ ಬೇಕು. ಕೂಗಿ ಗೆದ್ದ ಮೇಲೆ ಇದನ್ನು ಓದಿದವರು ಬಂದರಿನಲ್ಲಿ ದಿನದ ಬಾಡಿಗೆ ಕಟ್ಟುತ್ತ ಓದು ಮುಂದುವರಿಸುತ್ತಾರೆ.

ಇಷ್ಟಾದರೂ ತಮ್ಮ ವಂಶ ಹಳೆಯದು, ಮುದ್ರಣದಷ್ಟೇ ಹಳೆಯದು ಎಂಬುದನ್ನು ಒಪ್ಪಲೇಬೇಕು. ಮೈಂಜ್ ನಗರದ ಹಣವಂತ ಯೋಹಾನ್ ಫುಸ್ಟ್, ಗುಟೆನ್‌ಬರ್ಗನಿಗೆ ಎರಡು ಕಂತಿನಲ್ಲಿ ಎಂಟೆಂಟು ನೂರು ಗುಲ್ಡೆನ್ ಕೊಟ್ಟಿದ್ದ. ಬೈಬಲ್ ಮುಗಿಯುವ ಹೊತ್ತಿಗೆ ಬಡ್ಡಿ ಸೇರಿಸಿ 2026 ಗುಲ್ಡೆನ್ ಕೇಳಿ ದಾವೆ ಹೂಡಿದ. 1455ರ ನವೆಂಬರ್ 6ರ ನೋಟರಿ ದಾಖಲೆಯೊಂದು ಇದಕ್ಕೆ ಸಾಕ್ಷಿಯಾಗಿ ಗ್ಯೋಟಿಂಗೆನ್ನಿನಲ್ಲಿ ಇಂದಿಗೂ ಇದೆ. ಅಚ್ಚಿನ ಸಾಮಗ್ರಿ ಫುಸ್ಟನ ಕೈಸೇರಿತೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಯೂರೋಪಿನ ಮೊದಲ ದೊಡ್ಡ ಮುದ್ರಣಾಲಯ ಮೊದಲ ಸೆಕೆಂಡ್‌ಹ್ಯಾಂಡ್ ಮುದ್ರಣಾಲಯವೂ ಆದದ್ದು ಹೀಗೆ.

ಆದರೆ ಫುಸ್ಟ್ ತಮ್ಮ ಇಂದಿನ ಗಿರಾಕಿಗಳಂತೆ ಬರೀ ಮರ, ಸೀಸ ಕಟ್ಟಿಕೊಂಡು ಹೋಗಲಿಲ್ಲ. ಗುಟೆನ್‌ಬರ್ಗನ ಬಳಿ ಪಳಗಿದ್ದ ಪೀಟರ್ ಷ್ಯೋಫರನನ್ನೂ ಕರೆದೊಯ್ದ. ಆ ಷ್ಯೋಫರ್ ದಾವೆಯಲ್ಲಿ ಫುಸ್ಟನ ಕಡೆಯ ಸಾಕ್ಷಿ, ಮುಂದೆ ಫುಸ್ಟನ ಅಳಿಯ. 1457ರ ಆಗಸ್ಟಿನಲ್ಲಿ ಇಬ್ಬರೂ ಸೇರಿ ತಂದ ಮೈಂಜ್ ಕೀರ್ತನೆಗಳ ಪುಸ್ತಕದಲ್ಲಿ ದೊಡ್ಡ ಆರಂಭಾಕ್ಷರಗಳು ಕೆಂಪು, ನೀಲಿ ಬಣ್ಣದಲ್ಲಿ ಅಚ್ಚಾದವು. ಕೊನೆಯಲ್ಲಿ ಮುದ್ರಕರ ಹೆಸರೂ ತಾರೀಖೂ ಬಂದವು. ಮೆಷಿನ್ ಹಿಡಿದವನಿಗಿಂತ ಮೆಷಿನ್‌ಮ್ಯಾನನ್ನು ಹಿಡಿದವನು ಗೆದ್ದ. ಮಗಳನ್ನು ಕೊಟ್ಟು ಆಪರೇಟರನ್ನು ಉಳಿಸಿಕೊಂಡ ಫುಸ್ಟನ ಉಪಾಯ ಇವತ್ತಿನ ಮಾಲೀಕರಿಗೆ ಸ್ವಲ್ಪ ದುಬಾರಿಯಾದೀತು.

ತಮ್ಮ ವಂಶದ ಕಥೆ ಕಾದಂಬರಿಗೂ ಇಳಿದಿದೆ. ಫ್ರೆಂಚ್ ಲೇಖಕ ಬಾಲ್ಜಾಕ್ ಕಾದಂಬರಿಕಾರನಾಗಿ ಹೆಸರು ಮಾಡುವ ಮುನ್ನ ಪ್ಯಾರಿಸಿನಲ್ಲಿ ಪ್ರೆಸ್ ಕೊಂಡು 1828ರಲ್ಲಿ ಸಾಲದಲ್ಲಿ ಮುಳುಗಿದ. ಆ ನೋವು ‘ಇಲ್ಯೂಸಿಯೋಂ ಪೆರ್ದ್ಯೂ’ (ಕಳೆದುಹೋದ ಭ್ರಮೆಗಳು) ಕಾದಂಬರಿಯ ಆರಂಭಕ್ಕೆ ಬಂತು. ಅಲ್ಲಿ ಮುದಿ ಮುದ್ರಕ ಅಪ್ಪ ತನ್ನ ಸವೆದ ಮರದ ಪ್ರೆಸ್ಸುಗಳನ್ನು ಒಂದೊಂದಾಗಿ ಹೊಗಳಿ ಸ್ವಂತ ಮಗನ ತಲೆಗೇ ದುಬಾರಿಗೆ ಕಟ್ಟುತ್ತಾನೆ. ಹರಾಜುದಾರರು ಆ ಅಧ್ಯಾಯವನ್ನು ತರಬೇತಿ ಪಠ್ಯವಾಗಿ ಇಟ್ಟುಕೊಳ್ಳಬಹುದು.

ಹಳೆಯದೆಲ್ಲ ಕಸ ಎಂಬ ವಾದ ಈ ಪತ್ರದ್ದಲ್ಲ. ಹೈಡಲ್‌ಬರ್ಗ್ ಕಂಪನಿಯ ‘ವಿಂಡ್‌ಮಿಲ್’ ಪ್ಲಾಟನ್ ಮೆಷಿನ್ 1914ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಕಾಣಿಸಿಕೊಂಡು 1985ರವರೆಗೆ ತಯಾರಾಯಿತು. ಅಕ್ಷರ ಅಚ್ಚು ಹಾಕುವ ಕೆಲಸ ಹೋದ ಮೇಲೂ ಶಾಯಿಯ ಹಂಗಿಲ್ಲದೆ ಪೆಟ್ಟಿಗೆಯ ಡೈ ಕತ್ತರಿಸುತ್ತ, ಲಗ್ನಪತ್ರಿಕೆಗೆ ಚಿನ್ನದ ಫಾಯಿಲ್ ಒತ್ತುತ್ತ ದುಡಿಯುತ್ತಿದೆ. ಅದೇ ಕಂಪನಿ 1972ರಲ್ಲಿ ತಂದ ಜಿಟಿಒ ಆಫ್‌ಸೆಟ್ ಮೆಷಿನ್ನಿಗೆ ಕಣ್ಣು ಮುಚ್ಚಿ ಸರ್ವೀಸ್ ಮಾಡುವ ಮೆಕ್ಯಾನಿಕ್‌ಗಳು ಇಂದಿಗೂ ಸಿಗುತ್ತಾರೆ. ಯಂತ್ರ ಬಾಳುತ್ತದೆ, ಕಂಪನಿ ಬಾಳುತ್ತದೆಂಬ ಖಾತ್ರಿಯಿಲ್ಲ. ಮ್ಯಾನ್‌ರೋಲ್ಯಾಂಡ್‌ನಂಥ ದೈತ್ಯ ತಯಾರಕನೇ 2011ರ ನವೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ, ಮರುವರ್ಷ ಎರಡು ಹೋಳಾಗಿ ಬೇರೆಬೇರೆಯವರ ಪಾಲಾಯಿತು. ತಮ್ಮ ಬಾಗಿಲಿಗೆ ಮೆಷಿನ್ ಮಾತ್ರವಲ್ಲ, ಮೆಷಿನ್ ಮಾಡಿದವನೂ ಬರುತ್ತಾನೆ.

ಕನ್ನಡದ ಮುದ್ರಕರಿಗೆ ಈ ದೃಶ್ಯ ಹೊಸದಲ್ಲ. ಕಂಪ್ಯೂಟರ್ ಬಂದ ವರ್ಷಗಳಲ್ಲಿ ಊರೂರಿನ ಟ್ರೆಡಲ್ ಮೆಷಿನ್‌ಗಳು ಕಬ್ಬಿಣದ ದರಕ್ಕೆ ಹೋದವು, ಅಚ್ಚಿನ ಮೊಳೆಗಳು ಸೀಸದ ದರಕ್ಕೆ, ಅವನ್ನಿಡುವ ಮರದ ಕೇಸುಗಳು ಸೌದೆಗೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಮನೆಗಳಿದ್ದ ಆ ಕನ್ನಡ ಕೇಸುಗಳಲ್ಲಿ ಯಾವ ಮೊಳೆ ಎಲ್ಲಿ ಎಂದು ಕಣ್ಣು ಹಾಯಿಸದೆ ಕೈ ಹಾಕುತ್ತಿದ್ದವರು ಕಂಪೋಸಿಟರುಗಳು. ಗುಜರಿಯವನು ಸೀಸ ತೂಗಿದ. ಆ ಕೈಗಳಿಗೆ ತಕ್ಕಡಿ ಇರಲಿಲ್ಲ.

ಇವತ್ತಿನ ಲಾಟ್ ಪಟ್ಟಿಯಲ್ಲೂ ಅದೇ ಜಾಗ ಖಾಲಿ. ಮೆಷಿನ್, ಪಂಪು, ಕಂಪ್ರೆಸರ್, ಒಡೆದ ಕುರ್ಚಿ, ಫ್ಯಾನು, ಎಲ್ಲಕ್ಕೂ ನಂಬರಿದೆ. ಎರಡನೇ ಯೂನಿಟ್ಟಿನ ಎಡಗಡೆ ಬೇರಿಂಗ್ ಬೆಳಿಗ್ಗೆ ಹೊತ್ತು ಮಾತ್ರ ಕಿರುಗುಟ್ಟುತ್ತದೆ, ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ ಎಂದು ಬಲ್ಲ ಮೆಷಿನ್‌ಮ್ಯಾನ್ ಯಾವ ಲಾಟಿನಲ್ಲೂ ಇಲ್ಲ. ಅವನಿರುವುದು ಇನ್ನೊಂದು ಪಟ್ಟಿಯಲ್ಲಿ. ದಿವಾಳಿ ಸಂಹಿತೆಯ 53ನೇ ಸೆಕ್ಷನ್ನಿನಂತೆ ಹರಾಜಿನ ದುಡ್ಡಿನಲ್ಲಿ ಮೊದಲು ಪ್ರಕ್ರಿಯೆಯ ಖರ್ಚು ಕಳೆಯುತ್ತದೆ. ಆಮೇಲಿನ ಸಾಲಿನಲ್ಲಿ ಕಾರ್ಮಿಕರ 24 ತಿಂಗಳವರೆಗಿನ ಬಾಕಿಯೂ, ಅಡಮಾನ ಬಿಟ್ಟುಕೊಟ್ಟ ಬ್ಯಾಂಕಿನ ಸಾಲವೂ ಸರಿಸಮ ನಿಲ್ಲುತ್ತವೆ. ಮೆಷಿನ್ ಮಾರಾಟವಾದರೆ ಸಂಬಳ ಬಂದೀತೆಂದು ಆತ ಕಾಯುತ್ತಾನೆ. ಮೆಷಿನ್ ಬಲ್ಲವನೊಬ್ಬ ಸಿಕ್ಕರೆ ಇನ್ನೊಂದಿಷ್ಟು ಏರಿಸಿ ಕೂಗಬಹುದೆಂದು ಕೊಳ್ಳುವವನು ಕಾಯುತ್ತಾನೆ. ಇಬ್ಬರ ನಡುವೆ ತಾವು ಅಡ್ಡ ಮಲಗಿದ್ದೀರಿ.

ತಾವು ಎದ್ದು ಹೋಗಬೇಕೆಂದು ಯಾರೂ ಕೇಳುತ್ತಿಲ್ಲ, ಕೇಳಿದರೂ ಹೋಗುವವರಲ್ಲ. ಪರಿಶೀಲನೆಯ ದಿನ ಒಂದು ಗಂಟೆ ಪಕ್ಕಕ್ಕೆ ಸರಿದರೆ ಸಾಕು. ಬಾಡಿಗೆ ಜನರೇಟರೊಂದನ್ನು ತರಿಸಿ. ಹಳೆಯ ಮೆಷಿನ್‌ಮ್ಯಾನ್ ಒಪ್ಪಿದರೆ ಒಂದು ದಿನದ ಕೂಲಿ ಕೊಟ್ಟು ಕರೆಸಿ, ನೂರು ಹಾಳೆ ಓಡಿಸಿ. ಡೀಸೆಲ್ಲೂ ಕೂಲಿಯೂ ಪ್ರಕ್ರಿಯೆಯ ಖರ್ಚಿಗೆ ಬೀಳಲಿ, ಅದಕ್ಕೆ ಹೇಗೂ ಮೊದಲ ಪಂಕ್ತಿಯ ಊಟ. ಕಿರುಗುಟ್ಟುವ ಬೇರಿಂಗಿನ ಸಂಗತಿ ಆತನ ಬಾಯಿಂದಲೇ ಬರಲಿ.

ಇತಿ,
ಟಾರ್ಚ್ ಹಿಡಿದು ಶೆಡ್ಡಿನ ಹೊರಗೆ ನಿಂತವರ ಪರವಾಗಿ.

ತಾ.ಕ.: ಈ ಪತ್ರ ಅಚ್ಚಾದದ್ದು ಸೆಕೆಂಡ್‌ಹ್ಯಾಂಡ್ ಮೆಷಿನ್ನಿನಲ್ಲಾದರೆ, ಅಲ್ಲಲ್ಲಿ ಕಾಣುವ ಮಂಕು ಅಕ್ಷರಗಳನ್ನು ಓದುಗರು ಹೇಗಿದೆಯೋ ಹಾಗೆ ಓದಿಕೊಳ್ಳಬೇಕಾಗಿ ವಿನಂತಿ.